ಕ್ರೀಮಕ್ಕನ ಉಂಗುರದ ಬೆರಳು

ಬೇಕರಿಯಲ್ಲಿ ಎಲ್ಲರೂ ಅವಳನ್ನು ಕ್ರೀಮಕ್ಕ ಎಂದೇ ಕರೆಯುತ್ತಿದ್ದರು. ಗಿರಾಕಿಗಳೂ ಅದೇ ಹೆಸರು ಹಿಡಿದುಕೊಂಡಿದ್ದರು. ಹಾಗೆ ಕರೆದಾಗಲೆಲ್ಲ ಅವಳು ಮುಖ ಕಿವುಚಿಕೊಳ್ಳುತ್ತಿದ್ದಳು. ಜಿರಳೆ, ಬಚ್ಚಲಿನ ತೂಬಿನಲ್ಲಿ ಸಿಕ್ಕಿಕೊಂಡ ಕೂದಲಿನ ಉಂಡೆ, ನೆಲ ಒರೆಸಿ ಮೂಲೆಗೆ ಬಿಸಾಕಿದ ಒದ್ದೆ ಬಟ್ಟೆ, ಇವನ್ನೆಲ್ಲ ಅವಳು ಮೂಗು ಮುರಿದುಕೊಂಡಾದರೂ ಸಹಿಸಿಯಾಳು. ಕೇಕಿನ ಕ್ರೀಮನ್ನು ಮಾತ್ರ ಸಹಿಸಲಾರಳು. ಆದರೆ ಮದುವೆಯಾದ ವರ್ಷದಿಂದ ಹಿಡಿದು ಮಗಳು ಬೇರೆ ಊರಿನಲ್ಲಿ ಸಂಸಾರ ಹೂಡುವ ತನಕ ಅವಳ ಹೊಟ್ಟೆ ತುಂಬಿಸಿದ್ದು ಅದೇ ಕ್ರೀಮು.

ಮೊದಮೊದಲು ಹೀಗಿರಲಿಲ್ಲ. ಬಿಸ್ಕತ್ತು ಪ್ಯಾಕ್ ಮಾಡುವ ಕೆಲಸಕ್ಕೆಂದು ಸೇರಿದ್ದಳು. ಅವಳ ಕೈ ಒಂದಿಷ್ಟೂ ಅಲುಗುವುದಿಲ್ಲವೆಂಬುದನ್ನು ಕಂಡ ದೊಡ್ಡ ಮಾಲೀಕರು, ಅಂದರೆ ಈಗಿನ ಮಾಲೀಕನ ಅಪ್ಪ, ಕೈಗೆ ಕ್ರೀಮು ತುಂಬಿ ಹಿಂಡುವ ಕೋನು ಕೊಟ್ಟು ಗುಲಾಬಿ ಮಾಡುವುದನ್ನು ಕಲಿಸಿದರು. ಆ ವಾರವೆಲ್ಲ ಬೆರಳು ನೆಕ್ಕಿದ್ದೇ ನೆಕ್ಕಿದ್ದು. ಎರಡು ತಿಂಗಳಾಗುವಷ್ಟರಲ್ಲಿ ನಾಲಿಗೆಯ ಮೇಲೆ ಜಿಡ್ಡು ಕೂತುಬಿಟ್ಟಿತು. ಆಮೇಲೆ ಆ ಜಿಡ್ಡು ಎಲ್ಲಿ ನೋಡಿದರಲ್ಲಿ ಕಾಣತೊಡಗಿತು. ಉಗುರಿನ ಸಂದಿ, ಕಿವಿಯ ಹಿಂದೆ, ಚಪ್ಪಲಿಯ ಪಟ್ಟಿ, ಬಾಗಿಲ ಹಿಡಿ. ಬೇಸಗೆಯಲ್ಲಂತೂ ಮಧ್ಯಾಹ್ನದ ಹೊತ್ತಿಗೆ ಬಕೆಟ್ಟಿನ ಅಂಚಿನ ಕ್ರೀಮು ಹಳದಿಗಟ್ಟಿ, ಮಗು ಕಕ್ಕಿದ ಹಾಲಿನ ವಾಸನೆ ಹೊಡೆಯುತ್ತಿತ್ತು. ಆ ಅಂಚನ್ನೂ ಬಿಡದೆ ಕೆರೆದು ಬಳಸಬೇಕೆಂದು ಮಾಲೀಕನ ಕಟ್ಟಪ್ಪಣೆ.

ಜನರ ಮೇಲೂ ಅವಳಿಗೆ ಹೇಸಿಗೆಯೇ. ಅರ್ಧ ದಿನ ಸೊಂಟ ಬಗ್ಗಿಸಿ ಒಂದೊಂದೇ ಎಸಳು ಕೂಡಿಸಿ ಕಟ್ಟಿದ ಹೂವಿನ ಮೇಲೆ ಮೇಣದ ಬತ್ತಿ ನೆಟ್ಟು, ಕೆನ್ನೆ ಉಬ್ಬಿಸಿ ಊದಿ, ಎಂಜಲಿನ ತುಂತುರು ಹಾರಿಸಿ, ಆಮೇಲೆ ಅದನ್ನೇ ಎಲ್ಲರಿಗೂ ಹಂಚುತ್ತಾರೆ. ಇನ್ನು ಕೆಲವರು ತಿನ್ನುವುದೂ ಇಲ್ಲ, ಒಬ್ಬರ ಮುಖಕ್ಕೊಬ್ಬರು ಮೆತ್ತಿಕೊಂಡು ಫೋಟೋ ಹೊಡೆದುಕೊಳ್ಳುತ್ತಾರೆ. "ಥೂ! ಸಗಣಿ ಮೆತ್ತಿಕೊಂಡ್ರೂ ಇದಕ್ಕಿಂತ ವಾಸಿ, ತೊಳೆದ್ರೆ ಹೋಗುತ್ತೆ," ಎಂದು ಅವಳು ಓವನ್ ನೋಡಿಕೊಳ್ಳುವ ಕೆಲಸಗಾರ ಓವನಣ್ಣನ ಹತ್ತಿರ ಗೊಣಗುತ್ತಿದ್ದಳು. ಬ್ರೆಡ್ಡಿನ ತಟ್ಟೆ ಎಳೆಯುತ್ತಿದ್ದ ಅವನು ನಗುತ್ತ ಮುಂದಿನ ತಟ್ಟೆಗೆ ಕೈ ಹಾಕುತ್ತಿದ್ದ.

ಇಷ್ಟು ಅಸಹ್ಯವಿದ್ದರೂ ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಕೋನಿನ ಬಾಯನ್ನು ತಿರುಚಿ, ಅಂಗೈಯಲ್ಲಿ ಅವುಚಿ ಹಿಡಿದು, ಎಲ್ಲ ಬೆರಳುಗಳಿಂದ ಒಂದೇ ಸಮ ಹಿಂಡುತ್ತಿದ್ದಳು. ಫ್ರಿಜ್ಜಿನಿಂದ ತೆಗೆದ ಕ್ರೀಮು ಗಟ್ಟಿಯಾಗಿರುತ್ತದೆ, ಅದು ಸಣ್ಣ ಮೂತಿಯಿಂದ ಹೊರಬರಬೇಕಾದರೆ ಮುಷ್ಟಿಯಲ್ಲಿ ಬಲವಿರಬೇಕು. ಬೆಳಗಿನಿಂದ ಸಂಜೆಯ ತನಕ ಅದೇ ಹಿಂಡಾಟ. ಇದರ ಜೊತೆಗೆ ಪ್ರತಿ ಸಲ ಹೊಸದಾಗಿ ಕಲಸಿದಾಗಲೂ ಸಿಹಿ ಸಾಕೇ ಎಂದು ರುಚಿ ನೋಡುವುದು ಅವಳದೇ ಪಾಲಿಗೆ ಬಂದಿತ್ತು. ಗಿರಾಕಿಗಳೆದುರು ಉಗುಳುವಂತಿಲ್ಲವಲ್ಲ, ಕಣ್ಣು ಮುಚ್ಚಿ ನುಂಗುತ್ತಿದ್ದಳು.

ಒಂದು ದಿನ ಬೆಳಿಗ್ಗೆ ಎದ್ದು ನೋಡುತ್ತಾಳೆ, ಬಲಗೈಯ ಉಂಗುರದ ಬೆರಳು ಮಡಚಿಕೊಂಡು ಕೂತಿದೆ. ಉಳಿದ ನಾಲ್ಕೂ ಬಿಚ್ಚಿದವು, ಇದೊಂದು ಜಪ್ಪಯ್ಯ ಎಂದರೂ ಏಳಲೊಲ್ಲದು. ಎಡಗೈಯಿಂದ ಹಿಡಿದು ಮೇಲೆತ್ತಿದಳು. ಟಕ್ ಎಂದು ಬಿಚ್ಚಿಕೊಂಡಿತು. ನೋವಿಗಿಂತ ಮೊದಲು ಮೈ ಜುಮ್ಮೆಂದಿತು. ಚರ್ಮದೊಳಗೆ ಏನೋ ಒಂದು ಹುಳ ಹೊರಳಿ ಮಲಗಿದಂತೆ. ಅಂಗೈಯಲ್ಲಿ ಆ ಬೆರಳಿನ ಬುಡಕ್ಕೆ ಒತ್ತಿ ನೋಡಿದರೆ ಬಟಾಣಿ ಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ಬೆರಳು ಮಡಚಿದರೆ ಆ ಗಂಟೂ ಸರಿಯುತ್ತದೆ! ಛೀ ಎಂದು ಕೈ ಕೊಡವಿಕೊಂಡಳು. ಆದರೆ ಕೊಡವಿ ಬಿಸಾಕಲು ಅದೇನು ಮೈಮೇಲೆ ಬಿದ್ದ ಹುಳವೇ? ತನ್ನದೇ ಕೈ.

ಹೊತ್ತೇರಿದಂತೆ ಬೆರಳು ಸಡಿಲವಾಯಿತು. ಮಾರನೆಯ ಬೆಳಿಗ್ಗೆ ಮತ್ತೆ ಟಕ್. ಗಂಡನಿಗೆ ಇದೊಂದು ಮೋಜಾಯಿತು. ಬಸ್ಸಿನ ಡ್ರೈವರಾಗಿದ್ದ ಅವನಿಗೆ ಮೊದಲೇ ಕೂತಲ್ಲಿ ನಿಂತಲ್ಲಿ ನೆಟಿಗೆ ಮುರಿಯುವ ಚಟ.

"ಎಲ್ಲಿ, ಇನ್ನೊಂದ್ಸಲ ಮಾಡು," ಎಂದ ಕಾಫಿ ಹೀರುತ್ತ. "ಹಳೇ ಬಸ್ಸಿನ ಗೇರ್ ಬಿದ್ದಂಗೇ ಕೇಳ್ಸುತ್ತೆ ಕಣೇ."

"ನನಗೆ ವಾಕರಿಕೆ ಬರ್ತಿದೆ, ನಿಮಗೆ ಗೇರು. ಹೋಗ್ರೀ ಅತ್ಲಾಗೆ."

"ಅಯ್ಯೋ, ನೆಟಿಗೆ ಒಳಗೇ ಉಳ್ಕೊಂಡಿದೆ ಅಷ್ಟೇ. ಕೊಡಿಲ್ಲಿ, ಎಳೀತೀನಿ."

ಎಳೆದೂ ಎಳೆದ. ಆ ದಿನವೆಲ್ಲ ಬೆರಳ ಬುಡ ಊದಿಕೊಂಡು ಕೋನು ಹಿಡಿಯುವುದೇ ಕಷ್ಟವಾಯಿತು.

ಸುದ್ದಿ ನಾದಿನಿಯ ಕಿವಿಗೆ ಬಿತ್ತು. ಗಂಡನ ತಂಗಿ ಮನಸ್ಸಿನಲ್ಲಿ ಕೆಟ್ಟವಳಲ್ಲ, ಆದರೆ ಅವಳ ಉಪಕಾರ ಎಂದರೆ ಎದೆ ನಡುಗಬೇಕು. ಭಾನುವಾರ ಒಂದು ಸೀಸೆ ಹಿಡಿದುಕೊಂಡು ಬಂದಳು. ಒಳಗೆ ಡಾಂಬರಿನಂಥ ಕರಿ ಎಣ್ಣೆ. ಮುಚ್ಚಳ ತಿರುಗಿಸಿದ್ದೇ ತಡ, ಗೋಡೆಯ ಸಂದಿನಲ್ಲಿ ಇಲಿ ಸತ್ತು ವಾರವಾದಂಥ ನಾತ ಮನೆ ತುಂಬ ಹರಡಿತು.

"ಅತ್ತಿಗೆ, ಮುಖ ಹಾಗೆ ಹಿಂಡ್ಕೋಬೇಡಿ. ವಾಸನೆ ಇದ್ರೇನೇ ಗುಣ ಇರೋದು. ರಾತ್ರಿ ಹಚ್ಚಿ ಬಟ್ಟೆ ಸುತ್ತಿ ಮಲಗಿ."

"ಇದನ್ನ ಹಚ್ಕೊಂಡ್ರೆ ನಿಮ್ಮಣ್ಣ ನನ್ನ ಪಕ್ಕ ಮಲಗ್ತಾರಾ?"

"ಅವನೇನು ಘಮಘಮ ಅಂತಾನಾ? ದಿನವಿಡೀ ಡೀಸೆಲ್ಲು," ಎಂದಳು ನಾದಿನಿ, ಮತ್ತು ತಾನೇ ಕೂತು ತಿಕ್ಕತೊಡಗಿದಳು.

ಎಣ್ಣೆಯಿಂದ ಗುಣವಾಗಲಿಲ್ಲ. ಅಂಗೈ ಎರಡು ಸಲ ಸಾಬೂನು ಹಾಕಿ ತೊಳೆದರೂ ಆ ನಾತ ಹೋಗಲಿಲ್ಲ. ಬೇಕರಿಯಲ್ಲಿ ಕ್ರೀಮಿನ ವೆನಿಲ್ಲಾ ವಾಸನೆಯೂ ಸತ್ತ ಇಲಿಯ ವಾಸನೆಯೂ ಕೂಡಿ ಅವಳು ಮೂರು ಹೊತ್ತೂ ಬಾಯಲ್ಲಿ ಉಸಿರಾಡುವಂತಾಯಿತು. ಆಗ ನಾದಿನಿ ಉಳುಕು ತೆಗೆಯುವವನೊಬ್ಬನ ಹತ್ತಿರ ಎಳೆದುಕೊಂಡು ಹೋದಳು. ಅವನು ನೆಗಡಿ ಹಿಡಿದು ಸೊರಸೊರ ಎನ್ನುತ್ತಿದ್ದ. ಮೂಗೊರೆಸಿಕೊಂಡ ಅದೇ ಕೈಯಲ್ಲಿ ಅವಳ ಕೈ ಹಿಡಿದ. ಕಿರುಬೆರಳಿನ ಉಗುರನ್ನು ಉದ್ದ ಬಿಟ್ಟಿದ್ದ, ಅದರೊಳಗೆ ಒಂದು ಕಪ್ಪು ಗೆರೆ. "ನರ ನರದ ಮೇಲೆ ಹತ್ತಿದೆ," ಎಂದು ಹೇಳಿ ಗಂಟಿನ ಮೇಲೆ ಹೆಬ್ಬೆರಳಿಟ್ಟು, ಅದೇನೋ ಕಲ್ಲು ಅರೆಯುವವನಂತೆ ಅರೆದ. ಅವಳಿಗೆ ಕಣ್ಣು ಕತ್ತಲಿಟ್ಟಿತು. ಅವನ ಮೂಗಿನ ತುದಿಯಲ್ಲಿ ತೂಗುತ್ತಿದ್ದ ಹನಿ ತನ್ನ ಕೈಮೇಲೆ ಬೀಳುತ್ತದೋ ಎಂಬ ಭಯದಲ್ಲಿ ನೋವಿಗೆ ಕೂಗಲೂ ಆಗಲಿಲ್ಲ. ಮನೆಗೆ ಬಂದವಳೇ ಮೊಣಕೈವರೆಗೆ ಬಿಸಿನೀರಿನಲ್ಲಿ ತಿಕ್ಕಿ ತೊಳೆದಳು. ಅಂದಿನಿಂದ ಬೆರಳು ಬೆಳಿಗ್ಗೆ ಮಾತ್ರವಲ್ಲ, ಯಾವಾಗ ಬೇಕೆಂದರೆ ಆವಾಗ ಸಿಕ್ಕಿಕೊಳ್ಳತೊಡಗಿತು.

ಬೇಕರಿಯಲ್ಲಿ ಇದನ್ನು ಮುಚ್ಚಿಟ್ಟಳು. ಸಿಕ್ಕಿಕೊಂಡ ಬೆರಳನ್ನು ಮೇಜಿನ ಕೆಳಗೆ ಇನ್ನೊಂದು ಕೈಯಿಂದ ಬಿಡಿಸಿಕೊಂಡು, ಟಕ್ ಎಂಬ ಸದ್ದು ಕೇಳಬಾರದೆಂದು ಕೆಮ್ಮುತ್ತಿದ್ದಳು. ಆದರೆ ಎಷ್ಟು ದಿನ ಕೆಮ್ಮಲಾದೀತು?

ಒಂದು ಸಂಜೆ ಒಬ್ಬ ಗಿರಾಕಿ ಬಂದ. ತೊಂಬತ್ತು ದಾಟಿದ ಅಜ್ಜಿಯ ಹುಟ್ಟುಹಬ್ಬ, ಮನೆಯಲ್ಲಿ ಎಲ್ಲರೂ ಕಾಯುತ್ತಿದ್ದಾರೆ, ಕೇಕಿನ ಮೇಲೆ "ನೂರು ಕಾಲ ಬಾಳಿ" ಎಂದು ಬರೆದು ಕೊಡಿ ಎಂದು ಅವಸರ ಮಾಡಿದ. ಅವನ ಕಣ್ಣೆದುರೇ ಅವಳು ಕೋನು ಹಿಡಿದಳು. "ನೂರು" ಮುತ್ತಿನಂತೆ ಬಂತು. "ಕಾಲ" ಎಂದು ಬರೆದು ಹಿಡಿತ ಸಡಿಲಿಸಬೇಕು, ಬೆರಳು ಸಿಕ್ಕಿಕೊಂಡಿತು. ಮುಷ್ಟಿ ಬಿಚ್ಚಲಿಲ್ಲ. ಕೈಯನ್ನು ಹಿಂದಕ್ಕೆಳೆದುಕೊಳ್ಳುವಷ್ಟರಲ್ಲಿ ಕ್ರೀಮು ಎಳೆಯಾಗಿ ಇಳಿದು ಅಕ್ಷರದ ಬಲಕ್ಕೆ ಕೊಂಬಿನಂತೆ ಸುತ್ತಿಕೊಂಡು ಕೂತಿತು.

ಗಿರಾಕಿ ಬಗ್ಗಿ ಓದಿದ. "ಇದೇನಮ್ಮಾ, ನೂರು ಕಾಲು? ನಮ್ಮಜ್ಜಿ ಏನು ಜರಿಹುಳಾನಾ?"

ಕೌಂಟರಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅವಳಿನ್ನೂ ಕೋನನ್ನು ಹಿಡಿದೇ ಇದ್ದಳು. ಬಿಡಲು ಬರುತ್ತಿರಲಿಲ್ಲ. ಬೆರಳುಗಳ ಸಂದಿಯಿಂದ ಗುಲಾಬಿ ಬಣ್ಣದ ಕ್ರೀಮು ಬುಳಬುಳನೆ ಉಕ್ಕಿ ಮಣಿಕಟ್ಟಿನ ಮೇಲೆ ಇಳಿಯುತ್ತಿತ್ತು. ಆ ಬೆಚ್ಚಗಿನ ಜಿಡ್ಡು ತೋಳಿನತ್ತ ಜಾರಿದ್ದು ಗೊತ್ತಾಗುತ್ತಲೇ ಹೊಟ್ಟೆಯೊಳಗಿದ್ದದ್ದೆಲ್ಲ ಮೇಲಕ್ಕೆ ಬಂತು. ಹಿಂದಿನ ಮೋರಿಗೆ ಓಡಿ ವಾಂತಿ ಮಾಡಿಕೊಂಡಳು.

ಓವನಣ್ಣ ಹಿಂದೆಯೇ ಬಂದು, ಒಂದು ಚೊಂಬು ನೀರು ಕೊಟ್ಟು, ಅವಳ ಕೈಯಿಂದ ಕೋನನ್ನು ಬಿಡಿಸಿದ. ಮಡಚಿಕೊಂಡಿದ್ದ ಬೆರಳನ್ನು ನೋಡಿದ.

"ಎಷ್ಟು ದಿನದಿಂದ ಹೀಗಿದೆ ತಂಗೀ?"

"ಬಹಳ ದಿನ ಆಯ್ತಣ್ಣ. ನೋಡೋಕ್ಕೂ ಅಸಹ್ಯ ಆಗುತ್ತೆ."

"ನೋಡ್ಬೇಡ. ಡಾಕ್ಟ್ರಿಗೆ ತೋರ್ಸು. ಎಣ್ಣೆಗಿಣ್ಣೆ ಸಾಕು, ನಿನ್ ಕೈ ವಾಸನೆಗೆ ನನ್ ಬ್ರೆಡ್ಡೂ ಉಬ್ತಿಲ್ಲ."

ಮಾಲೀಕನ ಚಿಂತೆ ಬೇರೆ. ಅವನು ಆ ಕೇಕಿನ ಮೇಲಿನ ಕ್ರೀಮನ್ನು ಬೆರಳಲ್ಲಿ ಬಳಿದು ಬಾಯಿಗೆ ಹಾಕಿಕೊಂಡು, "ರುಚಿ ಸರಿಯಾಗೇ ಇದೆಯಲ್ಲ," ಎಂದು ಅದೇ ಬೆರಳಿನಿಂದ ಉಳಿದದ್ದನ್ನು ಸಮ ಮಾಡಿದ. ಅವಳು ಮುಖ ತಿರುಗಿಸಿಕೊಂಡಳು.

ಮೂಳೆ ಡಾಕ್ಟರು ಒಬ್ಬ ನಡುವಯಸ್ಸಿನ ಹೆಂಗಸು. ಹೊರಗಿನ ಬೆಂಚಿನಲ್ಲಿ ಕಾಯುವಾಗ ಪಕ್ಕದವನ ಕಾಲಿನ ಹಳೆಯ ಬ್ಯಾಂಡೇಜು ಕ್ರೀಮಕ್ಕನಿಗೆ ಸಾಕಷ್ಟು ಹೇಸಿಗೆ ಹುಟ್ಟಿಸಿತ್ತು. ಒಳಗೆ ಹೋದಾಗ ಡಾಕ್ಟರು ಮೊದಲು ಸೋಪು ಹಾಕಿ ಕೈ ತೊಳೆದುಕೊಂಡರು. ಅಷ್ಟರಿಂದಲೇ ಅವಳಿಗೆ ಅರ್ಧ ನಂಬಿಕೆ ಬಂತು.

"ಮಡಚಿ. ಬಿಚ್ಚಿ. ಹಾಂ, ಕೇಳಿಸ್ತು," ಎಂದು ಅವರು ಅಂಗೈಯ ಗಂಟಿನ ಮೇಲೆ ಹಗುರವಾಗಿ ಬೆರಳಿಟ್ಟರು. "ನೋವು ಎಲ್ಲಿ?"

"ಬೆರಳಿನ ಗೆಣ್ಣಲ್ಲಿ, ಡಾಕ್ಟ್ರೇ."

"ಅನ್ನಿಸೋದು ಅಲ್ಲಿ. ಕಾಯಿಲೆ ಇರೋದು ಇಲ್ಲಿ, ಅಂಗೈಲಿ. ಲಂಗಕ್ಕೆ ಲಾಡಿ ಹಾಕ್ತೀರಲ್ಲ, ಲಾಡಿಲಿ ಒಂದು ಗಂಟು ಬಿದ್ರೆ ಏನಾಗುತ್ತೆ?"

"ಲಂಗದ ಮಡಿಕೆ ಬಾಯಲ್ಲಿ ಸಿಕ್ಕಾಕ್ಕೊಳುತ್ತೆ. ಜಗ್ಗಿದ್ರೆ ಪಟ್ ಅಂತ ಈಚೆ ಬರುತ್ತೆ."

"ಅದೇ ಇದು. ಬೆರಳು ಮಡಚೋಕೆ ಒಳಗೆ ಹಗ್ಗದಂಥ ಒಂದು ಎಳೆ ಇದೆ. ಅದು ಒಂದು ಕೊಳವೆಯೊಳಗೆ ಓಡಾಡುತ್ತೆ. ವರ್ಷಗಟ್ಟಲೆ ಹಿಂಡಿ ಹಿಂಡಿ ಕೊಳವೆಯ ಬಾಯಿ ದಪ್ಪ ಆಗಿದೆ, ಎಳೆಯಲ್ಲೂ ಗಂಟು ಕಟ್ಟಿದೆ. ಟ್ರಿಗರ್ ಫಿಂಗರ್ ಅಂತ ಹೆಸರು. ಬಂದೂಕಿನ ಕುದುರೆ ಎಳೆದು ಬಿಟ್ಟಂಗೆ ಟಕ್ ಅನ್ನುತ್ತಲ್ಲ, ಅದಕ್ಕೆ. ರಾತ್ರಿಯೆಲ್ಲ ಅಲುಗಾಡದೆ ಇರೋದ್ರಿಂದ ಬೆಳಿಗ್ಗೆ ಜಾಸ್ತಿ."

"ಹುಳ ಗಿಳ ಅಲ್ಲ ತಾನೆ?"

ಡಾಕ್ಟರು ನಗಲಿಲ್ಲ. "ಹುಳ ಅಲ್ಲ, ಗೆಡ್ಡೆ ಅಲ್ಲ, ಕ್ಯಾನ್ಸರ್ ಅಲ್ಲ. ಆದ್ರೆ ಯಾರೋ ಇದನ್ನ ಜೋರಾಗಿ ತಿಕ್ಕಿದ್ದಾರೆ. ಊತ ಹೆಚ್ಚಾಗಿದೆ. ಇನ್ನು ಯಾರೂ ತಿಕ್ಕಬಾರದು, ಎಳೀಬಾರದು."

ಪಕ್ಕದಲ್ಲಿ ಕೂತಿದ್ದ ಗಂಡ ತನ್ನ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡ.

ಆಮೇಲೆ ಡಾಕ್ಟರು ಸಕ್ಕರೆ ಕಾಯಿಲೆ ಇದೆಯೇ, ಥೈರಾಯ್ಡ್ ಇದೆಯೇ, ಬೇರೆ ಕೀಲುಗಳು ನೋಯುತ್ತವೆಯೇ ಎಂದು ಕೇಳಿದರು. ಇವು ಇದ್ದವರಿಗೆ, ಅದರಲ್ಲೂ ಈ ವಯಸ್ಸಿನ ಹೆಂಗಸರಿಗೆ, ಬೆರಳು ಹೀಗಾಗುವುದು ಹೆಚ್ಚಂತೆ. ಅವಳು ಯಾವತ್ತೂ ಪರೀಕ್ಷೆ ಮಾಡಿಸಿದವಳಲ್ಲ. ರಕ್ತ ಕೊಟ್ಟಳು. ಥೈರಾಯ್ಡಿನಲ್ಲಿ ತೊಂದರೆಯಿರಲಿಲ್ಲ. ಸಕ್ಕರೆ ಮಾತ್ರ ಗಡಿ ದಾಟಿ ಬಹಳ ಮುಂದೆ ಹೋಗಿತ್ತು.

ಅದನ್ನು ಕೇಳಿದಾಗ ಅವಳಿಗೆ ಭಯಕ್ಕಿಂತ ಹೆಚ್ಚಾಗಿ ಮೈಯೆಲ್ಲ ಅಂಟಂಟಾದಂತೆ ಅನ್ನಿಸಿತು. ರುಚಿ ನೋಡಲೆಂದು ವರ್ಷಾನುಗಟ್ಟಲೆ ನುಂಗಿದ ಕ್ರೀಮೆಲ್ಲ ಎಲ್ಲೂ ಹೋಗದೆ ರಕ್ತದಲ್ಲೇ ಹರಿದಾಡುತ್ತಿದೆಯಲ್ಲ! ಕ್ರೀಮೊಂದರಿಂದಲೇ ಬರುವ ಕಾಯಿಲೆಯಲ್ಲ ಇದು, ನಿಮ್ಮ ತಾಯಿಗೂ ಇತ್ತೆಂದಿರಲ್ಲ ಎಂದು ಡಾಕ್ಟರು ಸಮಾಧಾನ ಹೇಳಿದರೂ ಆ ಅನಿಸಿಕೆ ಹೋಗಲಿಲ್ಲ. ಸಿಹಿ ಬಿಡಬೇಕು ಎಂದಾಗ ಗಂಡ ಅಯ್ಯೋ ಪಾಪ ಎಂಬ ಮುಖ ಮಾಡಿದ. ಅವಳಿಗೋ ಒಳಗೊಳಗೇ ಹಬ್ಬ. ಇನ್ನು ಮೇಲೆ ಯಾರ ಮನೆಯಲ್ಲಾದರೂ ಕೇಕಿನ ತುಂಡು ಮುಂದೆ ಹಿಡಿದರೆ, "ಡಾಕ್ಟ್ರು ಬೇಡ ಅಂದಿದ್ದಾರೆ," ಎಂದು ರಾಜಾರೋಷವಾಗಿ ಹೇಳಬಹುದು!

ಬೆರಳಿಗೆ ಮೊದಲು ಒಂದು ಪಟ್ಟಿ ಕೊಟ್ಟರು. ರಾತ್ರಿ ಹಾಕಿಕೊಂಡು ಮಲಗಬೇಕು, ಬೆರಳು ಮಡಚದಂತೆ ಅದು ತಡೆಯುತ್ತದೆ. ಕೋನು ಹಿಂಡುವ ಕೆಲಸಕ್ಕೆ ಕೆಲವು ವಾರ ರಜೆ. ಅಷ್ಟರಿಂದ ಅರೆಬರೆ ಗುಣವಾಯಿತು. ಆಮೇಲೆ ಗಂಟಿನ ಹತ್ತಿರ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಸೂಜಿ ಅಂಗೈಗಿಳಿದಾಗ ಪ್ರಾಣ ಬಾಯಿಗೆ ಬಂತು. ಇದರಿಂದ ಕೆಲವು ದಿನ ಸಕ್ಕರೆ ಏರುತ್ತದೆ, ಚೆಕ್ ಮಾಡಿಸುತ್ತಿರಿ, ಸಕ್ಕರೆ ಇದ್ದವರಿಗೆ ಇಂಜೆಕ್ಷನ್ ಕೈ ಹಿಡಿಯುವುದು ಸ್ವಲ್ಪ ಕಡಿಮೆಯೇ ಎಂದು ಮೊದಲೇ ತಿಳಿಸಿದ್ದರು. ಆದರೂ ವಾರ ಎರಡು ವಾರದಲ್ಲಿ ಟಕ್ ಎನ್ನುವುದು ನಿಂತಿತು. ಬೆಳಿಗ್ಗೆ ಎದ್ದು ಮುಷ್ಟಿ ಕಟ್ಟಿ ಬಿಚ್ಚಿದರೆ ಸದ್ದಿಲ್ಲ. ಗಂಡನಿಗೇ ಸ್ವಲ್ಪ ಬೇಜಾರಾದಂತೆ ಕಂಡಿತು.

ಆದರೆ ಮಾಲೀಕನಿಗೆ ಪುರುಸೊತ್ತೆಲ್ಲಿ? ಮದುವೆ ಕೇಕುಗಳ ಕಾಲ ಶುರುವಾಗಿತ್ತು. "ನಿಮ್ಮ ಗುಲಾಬೀನೇ ಬೇಕಂತೆ ಅಕ್ಕಾ, ನಾನೇನ್ಮಾಡ್ಲಿ," ಎಂದು ಹಲ್ಲು ಕಿರಿದು ಬಕೆಟ್ಟುಗಳನ್ನು ತಂದಿಟ್ಟ. ಬೇಡ ಎನ್ನಲು ಅವಳಿಗೂ ಬಾಯಿ ಬರಲಿಲ್ಲ. ಮೂರು ಅಂತಸ್ತಿನ ಬಿಳಿ ಕೇಕುಗಳು, ಅವುಗಳ ಸುತ್ತ ಬಳ್ಳಿ, ಬಳ್ಳಿಯ ತುಂಬ ಮೊಗ್ಗು. ಹಿಂಡಿ ಹಿಂಡಿ ಕೈ ಸೋತಿತು. ಚಳಿ ಬರುವ ಹೊತ್ತಿಗೆ ಬೆರಳು ಮತ್ತೆ ಸಿಕ್ಕಿಕೊಂಡಿತು, ಈ ಸಲ ಇನ್ನೂ ಬಿಗಿಯಾಗಿ. ಮುಖ ತೊಳೆಯಲು ಹೋದರೆ ಆ ಮಡಚಿದ ಬೆರಳ ಗೆಣ್ಣು ಕೆನ್ನೆಗೆ ತಾಗಿ, ಯಾರದೋ ಬೆರಳು ತನ್ನನ್ನು ಮುಟ್ಟಿದಂತೆ ಬೆಚ್ಚಿಬೀಳುತ್ತಿದ್ದಳು.

"ಇನ್ನು ಸಣ್ಣ ಆಪರೇಷನ್ ಮಾಡೋಣ," ಎಂದರು ಡಾಕ್ಟರು. "ಕೈ ಮಾತ್ರ ಮರಗಟ್ಟಿಸ್ತೀನಿ, ನೀವು ಎಚ್ಚರವಾಗೇ ಇರ್ತೀರಿ. ಬಿಗಿ ಆಗಿರೋ ಕೊಳವೆ ಬಾಯಿಯನ್ನ ಕೊಯ್ದು ಸಡಿಲ ಮಾಡೋದು, ಅಷ್ಟೇ. ಅದೇ ದಿನ ಮನೆಗೆ."

"ಕೊಯ್ಯೋದು ಅಂದ್ರೆ, ಒಳಗೆಲ್ಲ ಕಾಣುತ್ತಾ?"

"ನೀವು ನೋಡ್ಬೇಕಾಗಿಲ್ಲ. ಪರದೆ ಹಾಕ್ತೀವಿ."

ಸಕ್ಕರೆಯನ್ನು ಹತೋಟಿಗೆ ತಂದುಕೊಂಡ ಮೇಲೆ ದಿನ ಗೊತ್ತು ಮಾಡಿದರು. ಅಂಗೈಗೆ ಅರಿಸಿನ ಬಣ್ಣದ ಔಷಧ ಬಳಿದರು. ಅದು ಬೆರಳ ಸಂದಿಗಳಲ್ಲಿ ಹರಿದು ತಣ್ಣಗೆ ಅಂಟಿಕೊಂಡಾಗ ಅವಳು ಹಲ್ಲು ಕಚ್ಚಿದಳು. ಪರದೆಯ ಆಚೆ ಏನೋ ಒತ್ತಿದಂತೆ, ಎಳೆದಂತೆ ಆಯಿತು, ನೋವಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಡಾಕ್ಟರು, "ಈಗ ಬೆರಳು ಮಡಚಿ ಬಿಚ್ಚಿ ನೋಡೋಣ," ಎಂದರು. ಮಡಚಿದಳು. ಬಿಚ್ಚಿದಳು. ಸದ್ದಿಲ್ಲ, ತಡೆಯಿಲ್ಲ.

ಅದೇನು ಬುದ್ಧಿ ಬಂತೋ, "ಒಂದ್ಸಲ ನೋಡ್ಲಾ?" ಎಂದು ಕೇಳಿಬಿಟ್ಟಳು. ನರ್ಸು ಪರದೆಯನ್ನು ಸ್ವಲ್ಪ ಸರಿಸಿದಳು. ಚಿಕ್ಕದೊಂದು ಸೀಳು. ಅದರೊಳಗೆ ಮುತ್ತಿನ ಬಣ್ಣದ, ಹೊಳೆಯುವ ಒಂದು ಎಳೆ. ಬೆರಳು ಮಡಚಿದರೆ ಅದು ನುಣ್ಣಗೆ ಹಿಂದೆ ಸರಿಯಿತು, ಬಿಚ್ಚಿದರೆ ಮುಂದೆ ಬಂತು. ವಾಕರಿಕೆ ಬರುತ್ತದೆಂದು ಕಾದಳು, ಬರಲಿಲ್ಲ. ಇಷ್ಟು ಚೊಕ್ಕಟವಾದದ್ದು ತನ್ನ ಮೈಯೊಳಗೆ ಇದೆಯೆಂದು ಅವಳು ಎಣಿಸಿಯೇ ಇರಲಿಲ್ಲ. ಇನ್ನೊಂದು ಸಲ ಮಡಚಿ ನೋಡಿದಳು. "ಸಾಕು, ಹೊಲಿಗೆ ಹಾಕ್ಬೇಕು," ಎಂದರು ಡಾಕ್ಟರು.

ಆ ಚೊಕ್ಕಟವೆಲ್ಲ ಮನೆಗೆ ಬರುವ ತನಕ ಮಾತ್ರ. ಬ್ಯಾಂಡೇಜು ಬೆವರಿಗೆ ಹುಳಿವಾಸನೆ ಹೊಡೆಯತೊಡಗಿತು. ಕೈ ಒದ್ದೆ ಮಾಡುವಂತಿರಲಿಲ್ಲ, ಆದರೆ ಬೆರಳನ್ನು ಮಾತ್ರ ದಿನವೂ ಆಡಿಸುತ್ತಿರಬೇಕು. ಪಾತ್ರೆ ತೊಳೆಯುವುದು ಗಂಡನ ಪಾಲಿಗೆ ಬಂತು. ಅವನು ತೊಳೆದ ಲೋಟಗಳ ತಳದಲ್ಲಿ ನಿನ್ನೆಯ ಕಾಫಿ ಉಂಗುರದಂತೆ ಹಾಗೇ ಉಳಿದಿರುತ್ತಿತ್ತು. ಅದೂ ಸಾಲದೆ ಊಟಕ್ಕೆ ಕೂತಾಗಲೇ ಅವನಿಗೆ ಹೊಲಿಗೆ ನೋಡುವ ಆಸೆ.

"ಒಂಚೂರು ಬಿಚ್ಚೇ, ದಾರ ಕಪ್ಪೋ ನೀಲಿಯೋ ನೋಡ್ತೀನಿ."

"ತುತ್ತು ಬಾಯಲ್ಲಿಟ್ಕೊಂಡು ಇಂಥ ಮಾತಾಡ್ತೀರಲ್ಲ, ನಿಮಗೆ ಹೇಸಿಗೆ ಅನ್ನೋದೇ ಇಲ್ವಾ?"

"ನಿನ್ನ ಕೈ ತಾನೆ? ನನಗ್ಯಾಕೆ ಹೇಸಿಗೆ?" ಎಂದು ಅವನು ಸಾರು ಸುರಿದುಕೊಂಡ. ಬ್ಯಾಂಡೇಜಿನ ಕೈಯನ್ನು ಮೇಜಿನ ಮೇಲೆ ಅವನ ಪಕ್ಕಕ್ಕೇ ಇಟ್ಟಳು.

ಹೊಲಿಗೆ ಬಿಚ್ಚಿದ ಮೇಲೂ ಬಹಳ ದಿನ ಗಾಯದ ಗೆರೆ ಒತ್ತಿದರೆ ನೋಯುತ್ತಿತ್ತು. ಸಿಪ್ಪೆ ಏಳುತ್ತಿದ್ದ ಆ ಚರ್ಮವನ್ನು ಅವಳು ನೋಡದೆಯೇ ತೊಳೆಯುವುದನ್ನು ರೂಢಿಸಿಕೊಂಡಳು. ಕೆಲಸಕ್ಕೆ ಹಿಂತಿರುಗಿದ ದಿನ ಮಾಲೀಕನಿಗೆ ನೇರವಾಗಿ ಹೇಳಿದಳು: ದಿನಕ್ಕೆ ಅರ್ಧ ಹೊತ್ತು ಮಾತ್ರ ಕ್ರೀಮು, ಅದೂ ಸಣ್ಣ ಕೋನು, ಕ್ರೀಮು ಮೆತ್ತಗಾದ ಮೇಲೆ. ರುಚಿ ನೋಡುವುದು ಅವನದೇ ಕೆಲಸ. ಮಾಲೀಕ ಮುಖ ಊದಿಸಿಕೊಂಡ, ಬೇರೆ ಒಬ್ಬಳನ್ನು ತಂದ. ಆ ಹುಡುಗಿಯ ಗುಲಾಬಿಗಳು ಕೋಸುಗಡ್ಡೆಯಂತಿದ್ದವು. ಒಂದು ತಿಂಗಳಲ್ಲಿ ಅವನೇ ದಾರಿಗೆ ಬಂದ. ಮಧ್ಯಾಹ್ನದ ಮೇಲೆ ಅವಳು ಓವನಣ್ಣನ ಜೊತೆ ಬ್ರೆಡ್ಡಿನ ಕಡೆ ನಿಲ್ಲತೊಡಗಿದಳು. ಅಲ್ಲಿ ಹಿಟ್ಟು ನಾದುವುದು ಯಂತ್ರ, ವಾಸನೆಯೂ ಒಳ್ಳೆಯದು. ಬೆವರು ಸುರಿಸುವ ಓವನಣ್ಣನ ಬನಿಯನ್ ಒಂದನ್ನು ಬಿಟ್ಟರೆ ಅಲ್ಲಿ ಹೇಸುವಂಥದ್ದು ಹೆಚ್ಚೇನೂ ಇರಲಿಲ್ಲ.

ವರ್ಷ ಕಳೆದ ಮೇಲೆ ಎಡಗೈಯ ಹೆಬ್ಬೆರಳು ಬೆಳಿಗ್ಗೆ ಬಿಗಿಯತೊಡಗಿತು. ಬುಡದಲ್ಲಿ ಒತ್ತಿದರೆ ನೋವು. ಟಕ್ ಎನ್ನುವವರೆಗೆ ಅವಳು ಕಾಯಲಿಲ್ಲ. ನಾದಿನಿ ಹೊಸ ಸೀಸೆಯೊಂದನ್ನು ಹಿಡಿದು ಬರುವಷ್ಟರಲ್ಲಿ ಡಾಕ್ಟರ ಹತ್ತಿರ ಹೋಗಿ ಬಂದಾಗಿತ್ತು.

"ಈ ಸಲ ಬೇಗ ಬಂದ್ರಿ, ಪಟ್ಟಿಯಲ್ಲೇ ಹೋಗಬಹುದು, ನೋಡೋಣ," ಎಂದಿದ್ದರು ಡಾಕ್ಟರು.

ಕ್ರೀಮಕ್ಕ ಹೆಬ್ಬೆರಳಿಗೆ ಪಟ್ಟಿ ಕಟ್ಟಿಕೊಂಡು ಮಲಗುತ್ತಾಳೆ. ಒಂದೇ ರಾತ್ರಿಗೆ ಅದರೊಳಗೆ ಬೆವರು ಹಿಡಿದು ಒದ್ದೆ ಕಾಲುಚೀಲದ ವಾಸನೆ ಬರುತ್ತದೆ. ಬೆಳಿಗ್ಗೆ ಎದ್ದವಳೇ ಮೂಗು ಮುಚ್ಚಿಕೊಂಡು ಅದನ್ನು ಬಚ್ಚಲಿಗೆ ಒಯ್ದು, ಸೋಪು ಹಾಕಿ, ಎರಡೂ ಕೈಯಲ್ಲಿ ತಿಕ್ಕಿ ತೊಳೆದು ತಂತಿಯ ಮೇಲೆ ಹರವುತ್ತಾಳೆ. ಹಿಂಡಬಾರದೆಂದು ಡಾಕ್ಟರು ಹೇಳಿದ್ದಾರೆ, ಹಾಗಾಗಿ ನೀರು ತಾನಾಗಿ ಸೋರಲು ಬಿಟ್ಟು ಕೆಲಸಕ್ಕೆ ಹೊರಡುತ್ತಾಳೆ.